ಪ್ಲೇಟು ಮೊದಲು, ಯಂತ್ರ ಆಮೇಲೆ

ಚಿತ್ರದುರ್ಗದಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿರುವ ತುರುವನೂರಿನ ಹೆಸರು ಹೇಳಿದರೆ ಇತಿಹಾಸ ಬಲ್ಲವರಿಗೆ ನೆನಪಾಗುವುದು ೧೯೩೯ರ ಸತ್ಯಾಗ್ರಹ. ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲು ಮರಗಳನ್ನು ಕಡಿದು, ಸರಕಾರದ ಕಾನೂನನ್ನು ಮುರಿದ ಊರದು. ಅದೇ ಕಾಲ ನಮ್ಮ ನಾಡಿನಲ್ಲಿ ಗ್ರಾಮಫೋನಿನ ಪ್ರಾಯದ ಕಾಲವೂ ಆಗಿತ್ತು. ಕಂಪನಿ ನಾಟಕವನ್ನು ರಾತ್ರಿಯೆಲ್ಲ ನೋಡಿ ಬಂದವರು ಅದರ ಹಾಡನ್ನು ಮನಸ್ಸು ಬಂದಾಗ ಮತ್ತೆ ಕೇಳಬೇಕೆಂದರೆ ಇದ್ದ ದಾರಿ ಒಂದೇ. ಅನುಕೂಲವಂತರೊಬ್ಬರ ಪಡಸಾಲೆಯಲ್ಲಿ, ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆಯ ಸುತ್ತ ಕುಳಿತು, ನಾಯಿ ಗುರುತಿನ ಪ್ಲೇಟಿಗೆ ಕಿವಿಗೊಡಬೇಕು.

ಆ ಪ್ಲೇಟುಗಳು ಎಲ್ಲಿ ಹೋದವು? ಎಷ್ಟೋ ಒಡೆದವು, ಎಷ್ಟೋ ಗುಜರಿಗೆ ಹೋದವು. ಉಳಿದವು ಅಟ್ಟ ಸೇರಿದವು. ತುರುವನೂರಿನಂಥ ಊರಿನ ಒಂದು ಹಳೆಯ ಮಾಳಿಗೆ ಮನೆಯನ್ನು ಓದುಗರು ಮನಸ್ಸಿನಲ್ಲಿಯೇ ಚಿತ್ರಿಸಿಕೊಳ್ಳಲಿ. ಅಟ್ಟದ ಮೇಲೆ ತಗಡಿನ ಟ್ರಂಕು. ಅದರ ತಳದಲ್ಲಿ ಅಜ್ಜನ ಕಾಲದ ಭಾರವಾದ ಕರಿಯ ಪ್ಲೇಟುಗಳು. ಅವುಗಳ ಮೇಲೆ ಅಪ್ಪ ಕಾಲೇಜಿನಲ್ಲಿದ್ದಾಗ ಕೊಂಡ ಚಿತ್ರಗೀತೆಯ ಚಿಕ್ಕ ಪ್ಲೇಟುಗಳು. ಎಲ್ಲಕ್ಕಿಂತ ಮೇಲೆ ಮಗನ ಕಾಲದ, ಕನ್ನಡಿಯಂತೆ ಹೊಳೆಯುವ ಸಿ.ಡಿ.ಗಳು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಫೋನಿನಲ್ಲಿ ಹೇಳುತ್ತಾನೆ: “ಅಪ್ಪಾಜಿ, ಚೆಂದದ್ದೊಂದು ಪ್ಲೇಯರ್ ನೋಡಿದ್ದೀನಿ, ಸೂಟ್‌ಕೇಸಿನ ಹಾಗಿದೆ, ಕಳಿಸಿಕೊಡ್ತೀನಿ.” ಅಪ್ಪ ಕೇಳುವ ಮಾತು ಒಂದೇ: “ಪ್ಲೇಟಿಗೆ ಏನೂ ಆಗಲ್ಲ ತಾನೆ?”

ಅಪ್ಪನ ಪ್ರಶ್ನೆಯೇ ಸರಿಯಾದ ಪ್ರಶ್ನೆ. ರೇಡಿಯೋ ಕೆಟ್ಟದಾದರೆ ಹಾಡು ಕೆಟ್ಟದಾಗಿ ಕೇಳುತ್ತದೆ, ಅಷ್ಟೆ. ನಾಳೆ ಒಳ್ಳೆಯ ರೇಡಿಯೋ ತಂದರೆ ಸರಿಹೋಗುತ್ತದೆ. ಪ್ಲೇಟು ನುಡಿಸುವ ಯಂತ್ರ ಹಾಗಲ್ಲ. ಅದು ಓದುತ್ತ ಓದುತ್ತಲೇ ಪುಸ್ತಕವನ್ನು ಸವೆಸುವ ಓದುಗ. ಕೆಟ್ಟ ಯಂತ್ರ ಇಂದು ಸವೆಸಿದ್ದನ್ನು ನಾಳಿನ ಯಾವ ಒಳ್ಳೆಯ ಯಂತ್ರವೂ ಮರಳಿ ತರಲಾರದು. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಟ್ರಂಕನ್ನು ತೆರೆಯಬೇಕು.

ಟ್ರಂಕಿನಲ್ಲಿ ಏನಿದೆ?

ತಳದಲ್ಲಿರುವ ಭಾರದ ಪ್ಲೇಟುಗಳು ಅರಗಿನವು. ಲಾಕ್ಷಾರಸದ ಕೀಟದಿಂದ ಬರುವ ಈ ಅರಗು ನಮ್ಮ ದೇಶದ್ದೇ ಪದಾರ್ಥ. ಅದಕ್ಕೆ ನುಣುಪಾದ ಕಲ್ಲಿನ ಪುಡಿ ಬೆರೆಸಿ ಒತ್ತಿ ತೆಗೆದದ್ದೇ ಆ ಪ್ಲೇಟು. ಕೈಜಾರಿದರೆ ಮಡಕೆಯ ಬೋಕಿಯಂತೆ ಚೂರಾಗುತ್ತದೆ. ನಿಮಿಷಕ್ಕೆ ೭೮ ಸುತ್ತು ಸುತ್ತುವ ೧೦ ಅಂಗುಲದ ಈ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುವುದು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ರಾಗ ಬೆಳೆಸುವ ವಿದ್ವಾಂಸರು ಈ ಮೂರು ನಿಮಿಷದ ಚೌಕಟ್ಟಿಗೆ ತಮ್ಮ ವಿದ್ಯೆಯನ್ನು ಹೇಗೆ ಅಡಕಿದರೆಂಬುದೇ ಒಂದು ಸೋಜಿಗ. ೧೯೦೨ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಧ್ವನಿ ಮುದ್ರಿಸಿದಾಗ ಗೋಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರಿದರು. ಪ್ಲೇಟು ಒತ್ತುವ ಕಾರ್ಖಾನೆ ಜರ್ಮನಿಯ ಹ್ಯಾನೋವರಿನಲ್ಲಿತ್ತು. ಹಾಡಿದವರಾರೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ಆ ಗೋಹರ್ ಜಾನ್ ಕೊನೆಗೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ನಂತರದ ದಶಕಗಳಲ್ಲಿ ಚೌಡಯ್ಯನವರ ಪಿಟೀಲು, ಮಲ್ಲಿಕಾರ್ಜುನ ಮನ್ಸೂರರ ಖಯಾಲು, ಅಮೀರ್‌ಬಾಯಿ ಕರ್ನಾಟಕಿಯವರ ಕಂಠ, ಪಿ. ಕಾಳಿಂಗರಾಯರ ಭಾವಗೀತೆ ಎಲ್ಲವೂ ಇದೇ ಅರಗಿನ ಮೈಮೇಲೆ ಕನ್ನಡಿಗರ ಮನೆ ಸೇರಿದವು.

ನಡುವಿನ ಪದರದಲ್ಲಿರುವುವು ವಿನೈಲಿನ ಪ್ಲೇಟುಗಳು. ನಿಮಿಷಕ್ಕೆ ೩೩⅓ ಸುತ್ತಿನ ಲಾಂಗ್ ಪ್ಲೇ ಅಮೆರಿಕದಲ್ಲಿ ೧೯೪೮ರಲ್ಲಿ ಬಂತು. ೪೫ ಸುತ್ತಿನ ಚಿಕ್ಕ ಪ್ಲೇಟು ಮರುವರ್ಷ. ೧೯೭೨ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕತೆಯನ್ನು ತೆಗೆದುಕೊಂಡು ಚಿತ್ರದುರ್ಗದ ಕೋಟೆಯಲ್ಲಿಯೇ ‘ನಾಗರಹಾವು’ ಚಿತ್ರ ಮಾಡಿದಾಗ, ಆ ಜಿಲ್ಲೆಯ ಮನೆಗಳಲ್ಲಿ ವಿಜಯಭಾಸ್ಕರರ ಸಂಗೀತದ ಪ್ಲೇಟನ್ನು ಊರಿನ ಹೆಮ್ಮೆಯಿಂದ ಕೊಂಡವರು ಇಲ್ಲದಿರಲಾರರು. ಮೇಲಿನ ಪದರದ ಸಿ.ಡಿ., ಎಂದರೆ ಸಾಂದ್ರಮುದ್ರಿಕೆ, ೧೯೮೨ರ ಅಕ್ಟೋಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಬಂದದ್ದು. ನಡುವೆ ಕ್ಯಾಸೆಟ್ಟಿನ ಯುಗವೊಂದು ಹಾದುಹೋಗಿದೆ. ೧೯೭೮ರ ‘ನಿತ್ಯೋತ್ಸವ’ದಿಂದ ಕನ್ನಡ ಭಾವಗೀತೆಗೆ ಮನೆಮನೆಯ ಬಾಗಿಲು ತೆರೆದದ್ದು ಕ್ಯಾಸೆಟ್ಟಿನಿಂದಲೇ, ಆದರೆ ಅದು ತಟ್ಟೆಯಲ್ಲ, ಸುರುಳಿ, ಅದರ ಕತೆ ಬೇರೆ.

ಈ ಮೂರು ಜಾತಿಯ ಪ್ಲೇಟುಗಳಿಗೆ ಮೂರು ಬೇರೆ ಓದುಗರು ಬೇಕು. ಇದನ್ನು ತಿಳಿಯದೆ ಕೊಂಡ ಯಂತ್ರ ಎಷ್ಟೇ ಬೆಲೆಯದಾಗಲಿ, ಪ್ರಯೋಜನವಿಲ್ಲ.

ಮುಳ್ಳಿನ ಮೊನೆ

ಪ್ಲೇಟಿನ ಮೈಮೇಲೆ, ಹೊಲದಲ್ಲಿ ನೇಗಿಲ ಸಾಲಿನಂತೆ, ಹೊರ ಅಂಚಿನಿಂದ ಒಳಕ್ಕೆ ಒಂದೇ ಸಾಲು ಸುರುಳಿಯಾಗಿ ಹರಿದಿರುತ್ತದೆ. ಸಾಲಿನ ಗೋಡೆಗಳು ಅಂಕುಡೊಂಕು. ಆ ಅಂಕುಡೊಂಕೇ ಹಾಡು. ಮುಳ್ಳು ಸಾಲಿನಲ್ಲಿ ಹಾದುಹೋಗುವಾಗ ಅದಕ್ಕೆ ತಕ್ಕಂತೆ ಅಲುಗುತ್ತದೆ. ಅರಗಿನ ಪ್ಲೇಟಿನ ಸಾಲು ಅಗಲ. ಅದಕ್ಕೆ ಒಪ್ಪುವ ಮುಳ್ಳಿನ ಮೊನೆಯ ತ್ರಿಜ್ಯ ೬೫ರಿಂದ ೭೫ ಮೈಕ್ರಾನು, ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ವಿನೈಲಿನ ಸಾಲು ಸಣ್ಣದು. ಅದರ ಮುಳ್ಳಿನ ಮೊನೆ ೧೮ ಮೈಕ್ರಾನಿನ ಆಸುಪಾಸು, ಎಂದರೆ ಕೂದಲಿನ ಕಾಲು ಭಾಗ. ಸಣ್ಣ ಮುಳ್ಳನ್ನು ಅರಗಿನ ಪ್ಲೇಟಿನ ಮೇಲಿಟ್ಟರೆ ಅದು ಸಾಲಿನ ಗೋಡೆಯನ್ನು ಮುಟ್ಟದೆ ತಳದ ಕಸದಲ್ಲಿ ಹೊರಳುತ್ತದೆ; ಕರಕರ ಸದ್ದೇ ಹೆಚ್ಚು, ಮುಳ್ಳಿಗೂ ಕೇಡು. ದಪ್ಪ ಮುಳ್ಳನ್ನು ವಿನೈಲಿನ ಮೇಲಿಟ್ಟರೆ ಅದು ಸಾಲಿಗೆ ಇಳಿಯಲಾರದೆ ಅಂಚುಗಳನ್ನು ಉಜ್ಜುತ್ತದೆ, ಪ್ಲೇಟಿಗೆ ಕೇಡು.

ಹಿಂದೆ ಕೀಲಿ ಗ್ರಾಮಫೋನಿನಲ್ಲಿ ಉಕ್ಕಿನ ಮುಳ್ಳು ಬಳಸುತ್ತಿದ್ದರು. ನೂರು ಗ್ರಾಮಿಗೂ ಮಿಕ್ಕ ಭಾರ ಅದರ ಮೇಲೆ ಕೂತಿರುತ್ತಿತ್ತು. ಅರಗಿನಲ್ಲಿ ಬೆರೆಸಿದ್ದ ಕಲ್ಲಿನ ಪುಡಿ ಸಾಣೆಯಂತೆ ಕೆಲಸ ಮಾಡಿ, ಮೊದಲ ಕೆಲವು ಸುತ್ತಿನಲ್ಲಿಯೇ ಮುಳ್ಳನ್ನು ಸಾಲಿನ ಆಕಾರಕ್ಕೆ ಅರೆಯುತ್ತಿತ್ತು. ಅದಕ್ಕೇ ಒಂದೊಂದು ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕೆಂಬ ಕಟ್ಟಳೆ. ಮುಳ್ಳಿನ ಪುಟ್ಟ ಡಬ್ಬಿಗಳು ಇಂದಿಗೂ ಹಳೆಯ ಮನೆಗಳಲ್ಲಿ ಸಿಗುವುದು ಅದರಿಂದಲೇ. ಪ್ಲೇಟಿನ ಮೇಲೆ ಕನಿಕರವಿದ್ದ ರಸಿಕರು ಉಕ್ಕನ್ನು ಬಿಟ್ಟು ಬಿದಿರಿನ ಸಿಬಿರನ್ನೂ ಪಾಪಾಸುಕಳ್ಳಿಯಂಥ ಗಿಡಗಳ ಮುಳ್ಳನ್ನೂ ಹೆರೆದು ಬಳಸುತ್ತಿದ್ದರು. ಈಚಲು ಗರಿಯ ಮೊನೆ ಕೈಗೆ ಚುಚ್ಚಿಸಿಕೊಂಡ ತುರುವನೂರಿನವರಿಗೆ ಮುಳ್ಳಿನ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಕೀಲಿ ಗ್ರಾಮಫೋನಿನಲ್ಲಿ ವಿನೈಲ್ ಪ್ಲೇಟನ್ನು ಅಪ್ಪಿತಪ್ಪಿಯೂ ಹಾಕಕೂಡದು; ಒಂದೇ ಸಲಕ್ಕೆ ಅದರ ಕತೆ ಮುಗಿಯುತ್ತದೆ. ಇನ್ನು ಪ್ರವಾಸಿ ತಾಣಗಳ ಅಂಗಡಿಗಳಲ್ಲಿ ಥಳಥಳ ಹೊಳೆಯುವ ಹಿತ್ತಾಳೆಯ ಕಹಳೆಯಿಟ್ಟು ‘ಪುರಾತನ’ ಎಂದು ಮಾರುವ ಗ್ರಾಮಫೋನುಗಳು ಬಹುಮಟ್ಟಿಗೆ ಈಚೆಗೆ ಜೋಡಿಸಿದವು. ಷೋಕೇಸಿನಲ್ಲಿಡಲು ಆದೀತು, ಅಜ್ಜನ ಪ್ಲೇಟನ್ನು ಅದರ ಕೈಗೆ ಕೊಡಬಾರದು.

ಸೂಟ್‌ಕೇಸಿನ ಮಾತಿಗೆ ಬರೋಣ. ಮುಚ್ಚಳ ತೆರೆದರೆ ಪ್ಲೇಯರು, ಒಳಗೇ ಎರಡು ಪುಟ್ಟ ಸ್ಪೀಕರು, ಬಣ್ಣ ಬಣ್ಣದ ಹೊದಿಕೆ, ಬೆಲೆಯೂ ಕಡಿಮೆ. ನೋಡಲು ಸೊಗಸೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಅಗ್ಗದ ಸೆರಾಮಿಕ್ ಕಾರ್ಟ್‌ರಿಜ್ಜು. ಅದು ೫ ಗ್ರಾಂ ಅಥವಾ ಅದಕ್ಕೂ ಮೀರಿದ ಭಾರದಿಂದ ವಿನೈಲನ್ನು ಒತ್ತುತ್ತದೆ; ಆ ಭಾರವನ್ನು ಕಡಿಮೆ ಮಾಡುವ ಉಪಾಯ ಯಂತ್ರದಲ್ಲಿಲ್ಲ. ಸ್ಪೀಕರು ಪ್ಲೇಟಿನ ಬುಡದಲ್ಲಿಯೇ ಕೂತಿರುವುದರಿಂದ ಅದರ ನಡುಕ ಮುಳ್ಳಿಗೆ ತಗಲುತ್ತದೆ. ಒಳ್ಳೆಯ ಯಂತ್ರದ ತೋಳಿನ ಹಿಂಬದಿಯಲ್ಲಿ ತಕ್ಕಡಿಯ ಬಟ್ಟಿನಂತೆ ತಿರುಗಿಸಿ ಸರಿಮಾಡಬಲ್ಲ ಎದುರುಭಾರವಿರುತ್ತದೆ. ಅದಕ್ಕೆ ಜೋಡಿಸಿದ ಮ್ಯಾಗ್ನೆಟಿಕ್ ಕಾರ್ಟ್‌ರಿಜ್ಜಿಗೆ ಒಂದೂವರೆಯಿಂದ ಎರಡೂವರೆ ಗ್ರಾಂ ಭಾರ ಸಾಕು. ೭೮ರ ಮುಳ್ಳಿಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ತಯಾರಕರು ಬರೆದಷ್ಟನ್ನೇ ಇಡಬೇಕು. ಭಾರ ಕಡಿಮೆಯಾದಷ್ಟೂ ಒಳ್ಳೆಯದೆಂಬ ಭಾವನೆಯೂ ತಪ್ಪು. ತೀರ ಹಗುರಾದ ಮುಳ್ಳು ಸಾಲಿನಲ್ಲಿ ನಿಲ್ಲದೆ ಕುಪ್ಪಳಿಸಿ ಗೋಡೆಗಳನ್ನು ಕೆಡಿಸುತ್ತದೆ.

ಆದುದರಿಂದ ಹಣವನ್ನು ಹಂಚುವಾಗ ಹೆಚ್ಚಿನ ಪಾಲು ಪ್ಲೇಟನ್ನು ಮುಟ್ಟುವ ಭಾಗಕ್ಕೆ, ಎಂದರೆ ತೋಳು, ಕಾರ್ಟ್‌ರಿಜ್ಜು, ಮುಳ್ಳುಗಳಿಗೆ ಸಲ್ಲಬೇಕು. ವಜ್ರದ ಮುಳ್ಳೂ ಅಮರವಲ್ಲ. ಕೆಲವು ನೂರು ಗಂಟೆ, ಹೆಚ್ಚೆಂದರೆ ಸಾವಿರ ಗಂಟೆಯ ಹೊತ್ತಿಗೆ ಬದಲಾಯಿಸಬೇಕು. ಕೊಳ್ಳುವ ಮೊದಲೇ, ಆ ಮುಳ್ಳು ಬಿಡಿಯಾಗಿ ಸಿಗುವುದೋ, ಅದೇ ಕಾರ್ಟ್‌ರಿಜ್ಜಿಗೆ ೭೮ರ ಮುಳ್ಳೂ ದೊರೆಯುವುದೋ ಎಂದು ಕೇಳಬೇಕು. ಮುಳ್ಳು ಸಿಗದ ಯಂತ್ರ ಎಣ್ಣೆ ಸಿಗದ ದೀಪ. ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿಯೋ ಎಸ್.ಪಿ. ರಸ್ತೆಯ ಸಂದಿಗಳಲ್ಲಿಯೋ ಹಳೆಯ ಎಚ್.ಎಂ.ವಿ., ಫಿಲಿಪ್ಸ್, ಗ್ಯಾರಾರ್ಡ್ ಯಂತ್ರಗಳನ್ನು ಕಂಡು ಮರುಳಾಗುವವರು ಈ ಮಾತನ್ನು ಮುಖ್ಯವಾಗಿ ನೆನಪಿಡಬೇಕು. ಒಂದರ ಮೇಲೊಂದು ಪ್ಲೇಟನ್ನು ತಾನಾಗಿಯೇ ಬೀಳಿಸುವ ಹಳೆಯ ಚೇಂಜರುಗಳಂತೂ ಮೋಜಿನವು. ಆದರೆ ಬೀಳುವ ಪ್ಲೇಟು ಕೆಳಗಿನದನ್ನು ಉಜ್ಜುತ್ತದೆಂಬುದನ್ನು ಮೋಜು ಮರೆಸುತ್ತದೆ.

ಅರಮನೆಯ ದೃಷ್ಟಾಂತ

ಹಣ ಎಲ್ಲಿ ಸುರಿಯಬೇಕೆಂಬ ವಿಷಯದಲ್ಲಿ ಕನ್ನಡ ನಾಡಿನವರೇ ಆದ ಒಬ್ಬ ಮಹಾ ರಸಿಕರ ನಿದರ್ಶನವುಂಟು. ೧೯೪೦ರಲ್ಲಿ ಮೈಸೂರಿನ ಸಿಂಹಾಸನವನ್ನೇರಿದ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಅಷ್ಟೇ ಆಳದ ಪರಿಶ್ರಮವಿದ್ದವರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರರ ಕೃತಿಗಳು ಅವರೇ ನುಡಿಸಿದಂತೆ ಪ್ಲೇಟುಗಳಲ್ಲಿ ಉಳಿಯಬೇಕೆಂದು, ೧೯೪೦ರ ದಶಕದ ಕೊನೆಯಲ್ಲಿ ಮಹಾರಾಜರು ಎಚ್.ಎಂ.ವಿ. ಸಂಸ್ಥೆಯ ಮೂಲಕ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರರು ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾರೆ. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಮೊದಲ ಅಧ್ಯಕ್ಷರೂ ಈ ಮಹಾರಾಜರೇ. ಆ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದವರು ಅರಮನೆಯಲ್ಲಿ ಕಂಡು ಬೆರಗಾದದ್ದು ಚಿನ್ನದ ಅಂಬಾರಿಯನ್ನಲ್ಲ. ಬೃಹತ್ತಾದ ಪ್ಲೇಟುಗಳ ಸಂಗ್ರಹವನ್ನು, ಬಗೆಬಗೆಯ ಲೌಡ್‌ಸ್ಪೀಕರುಗಳನ್ನು.

ಈ ದೃಷ್ಟಾಂತದಲ್ಲಿ ಸಂಸಾರಸ್ಥರಿಗೆ ಬೇಕಾದ ಅಂಶ ಎರಡು. ಮೊದಲನೆಯದು, ಎಲ್ಲವನ್ನೂ ಕೊಳ್ಳಬಲ್ಲ ಅರಸರು ಸಹ ಪ್ಲೇಟು, ಸ್ಪೀಕರು ಈ ಎರಡು ತುದಿಗಳಿಗೆ ಗಮನ ಕೊಟ್ಟರು. ಸ್ಪೀಕರಿನಿಂದ ಸ್ಪೀಕರಿಗೆ ನಾದ ಬದಲಾಗುವಷ್ಟು ಬೇರೆ ಯಾವುದರಿಂದಲೂ ಬದಲಾಗದು. ಎರಡನೆಯದು ಇನ್ನೂ ಮುಖ್ಯ. ಮೆಟ್ನರರ ಆ ೭೮ರ ಪ್ಲೇಟುಗಳು ಮುಂದೆ ಸಿ.ಡಿ.ಯಾಗಿಯೂ ಹೊರಬಂದವು. ಇಂದು ಅವನ್ನು ಕೇಳಬೇಕೆನ್ನುವವರು ಹಳೆಯ ಪ್ಲೇಟನ್ನು ಸವೆಸಬೇಕಾಗಿಲ್ಲ. ಹಾಗೆಯೇ ತುರುವನೂರಿನ ಟ್ರಂಕಿನಲ್ಲಿ ಮರುಮುದ್ರಣವಾಗಿರುವುವು ಯಾವುವು, ಆಗದಿರುವುವು ಯಾವುವು ಎಂದು ಬೇರ್ಪಡಿಸಬೇಕು. ಹೆಸರಾಂತ ಚಿತ್ರಗೀತೆ ಎಲ್ಲಿಯಾದರೂ ಸಿಕ್ಕೀತು. ಮರೆತುಹೋದ ನಾಟಕ ಕಂಪನಿಯ ನಟನೊಬ್ಬನ ಕಂದಪದ್ಯ ಬಹುಶಃ ಆ ಒಂದು ಪ್ಲೇಟಿನಲ್ಲಿ ಮಾತ್ರ ಉಳಿದಿರಬಹುದು. ಅಂಥದನ್ನು ಒಳ್ಳೆಯ ಯಂತ್ರದಲ್ಲಿ, ತಕ್ಕ ಮುಳ್ಳಿನಲ್ಲಿ ಒಮ್ಮೆ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡು, ಪ್ಲೇಟಿಗೆ ವಿಶ್ರಾಂತಿ ಕೊಡಬೇಕು. ಇದು ದೊಡ್ಡ ಸಂಸ್ಥೆಗಳು ಮಾಡುತ್ತಿರುವ ಕೆಲಸವೇ. ಗೋಹರ್ ಜಾನರ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ಹಳೆಯ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ಕೇಳಿಸಿದೆ.

ವೇಗದ ಪರೀಕ್ಷೆ

ಯಂತ್ರದ ಎರಡನೆಯ ಗುಣ ವೇಗ. ನೂರಕ್ಕೆ ಆರರಷ್ಟು ವೇಗ ತಪ್ಪಿದರೆ ಶ್ರುತಿ ಅರ್ಧ ಸ್ವರ ಸರಿಯುತ್ತದೆ. ಗಾಯಕರ ಕಂಠವೇ ಬೇರೆಯಾದಂತೆ ಕೇಳುತ್ತದೆ. ಹಿಂದಿನ ಅನೇಕ ಪ್ಲೇಯರುಗಳ ಮೋಟಾರು ವಿದ್ಯುತ್ತಿನ ಆವರ್ತನವನ್ನೇ ನಂಬಿ ತಿರುಗುತ್ತಿತ್ತು. ನಮ್ಮಲ್ಲಿ ಅದು ಸೆಕೆಂಡಿಗೆ ೫೦ ಇರಬೇಕು. ಆದರೆ ೨೦೦೩ಕ್ಕೆ ಮುಂಚಿನ ವರ್ಷಗಳಲ್ಲಿ ದಕ್ಷಿಣ ಭಾರತದ ವಿದ್ಯುಜ್ಜಾಲದಲ್ಲಿ ಬೇಡಿಕೆ ಏರಿದಾಗ ಅದು ೪೮ರ ಆಸುಪಾಸಿಗೆ ಇಳಿಯುತ್ತಿದ್ದುದುಂಟು. ಆಗ ಪ್ಲೇಟು ನೂರಕ್ಕೆ ನಾಲ್ಕರಷ್ಟು ನಿಧಾನವಾಗಿ ತಿರುಗಿ, ಅರ್ಧ ಸ್ವರದ ಮೂರರಲ್ಲಿ ಎರಡು ಪಾಲಿನಷ್ಟು ಶ್ರುತಿ ಇಳಿಯಬೇಕು. ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ವಿದ್ವಾಂಸರ ಕಂಠ ಕುಗ್ಗುತ್ತದೆಂದು ಯಾರಾದರೂ ನಗೆಯಾಡಿದ್ದರೆ ಅದರಲ್ಲಿ ಸತ್ಯಾಂಶವಿತ್ತು. ಇಂದು ಆವರ್ತನ ಬಹಳ ಸ್ಥಿರ. ಈಗಿನ ಯಂತ್ರಗಳಲ್ಲಿ ಹಲವು ಡಿ.ಸಿ. ಮೋಟಾರಿನವು, ಇಲ್ಲವೇ ಕ್ವಾರ್ಟ್ಸ್ ಹರಳಿನ ಹಿಡಿತದಲ್ಲಿ ತಿರುಗುವಂಥವು. ಅವಕ್ಕೆ ಈ ತೊಡಕಿಲ್ಲ.

ಬೆಲ್ಟಿನ ಯಂತ್ರವೋ, ೧೯೭೦ರಲ್ಲಿ ಟೆಕ್ನಿಕ್ಸ್ ಮೊದಲಿಗೆ ತಂದ ನೇರ ಮೋಟಾರಿನ ಯಂತ್ರವೋ ಎಂಬ ಬಗ್ಗೆ ರಸಿಕರ ನಡುವೆ ಮುಗಿಯದ ವಾಗ್ವಾದವಿದೆ. ಮನೆಬಳಕೆಗೆ ಎರಡೂ ಆದೀತು. ಬೆಲ್ಟು ವರ್ಷಗಳು ಕಳೆದಂತೆ ಸಡಿಲವಾಗುತ್ತದೆ, ಬದಲಾಯಿಸಬೇಕು, ಇಷ್ಟೆ. ಕೇಳಬೇಕಾದ ಪ್ರಶ್ನೆ ಬೇರೆ: ಯಂತ್ರದಲ್ಲಿ ೭೮ರ ವೇಗವಿದೆಯೇ? ಈಗಿನ ಬಹುಪಾಲು ಯಂತ್ರಗಳಲ್ಲಿ ೩೩ ಮತ್ತು ೪೫ ಮಾತ್ರ. ವೇಗವನ್ನು ಸ್ವಲ್ಪ ಹಿಂದೆ ಮುಂದೆ ಸರಿಸುವ ಅನುಕೂಲವಿದ್ದರೆ ಮತ್ತೂ ಒಳ್ಳೆಯದು. ಏಕೆಂದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಪ್ಲೇಟುಗಳನ್ನು ‘೭೮’ ಎಂದು ಕರೆದರೂ ಅವು ಖಂಡಿತವಾಗಿ ಅದೇ ವೇಗದಲ್ಲಿ ಮುದ್ರಿತವಾದವಲ್ಲ.

ವೇಗವನ್ನು ಅಳೆಯಲು ಸುಲಭವಾದ ಒಂದು ಸಾಧನವಿದೆ. ಅಂಚಿನಲ್ಲಿ ಕಪ್ಪು ಗೆರೆಗಳನ್ನು ಸಮದೂರದಲ್ಲಿ ಹಾಕಿದ ದುಂಡು ಕಾಗದವನ್ನು ತಿರುಗುವ ಫಲಕದ ಮೇಲಿಟ್ಟು, ೫೦ ಆವರ್ತನದ ವಿದ್ಯುತ್ತಿನ ಹಳೆಯ ಗಾಜಿನ ಬಲ್ಬಿನ ಬೆಳಕಿನಲ್ಲಿ ನೋಡಬೇಕು. ೩೩⅓ಕ್ಕೆ ೧೮೦ ಗೆರೆ. ೭೮ಕ್ಕೆ ೭೭ ಗೆರೆ. ವೇಗ ಸರಿಯಿದ್ದರೆ ಫಲಕ ತಿರುಗುತ್ತಿದ್ದರೂ ಗೆರೆಗಳು ನಿಂತಂತೆ ಕಾಣುತ್ತವೆ. ಈಗಿನ ಎಲ್.ಇ.ಡಿ. ದೀಪಗಳಲ್ಲಿ ಅನೇಕವು ಆ ರೀತಿ ಮಿಣುಕದ ಕಾರಣ ಅವುಗಳ ಕೆಳಗೆ ಈ ಪರೀಕ್ಷೆ ನಡೆಯದು. ಕಿವಿಯ ಪರೀಕ್ಷೆಯೂ ಉಂಟು. ಹಾರ್ಮೋನಿಯಂ ಇಲ್ಲವೆ ನಾಗಸ್ವರದ ನೀಳವಾದ ಒಂದು ಸ್ವರವನ್ನು ನುಡಿಸಿ ನೋಡಬೇಕು. ಸ್ವರ ತೂಗುಯ್ಯಾಲೆಯಂತೆ ತೊನೆದರೆ ಆ ಯಂತ್ರವನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಮೇಲು. ಆದರೆ ಮಧ್ಯದ ರಂಧ್ರ ಪಕ್ಕಕ್ಕೆ ಸರಿದ ಪ್ಲೇಟೂ ಹೀಗೆಯೇ ತೊನೆಯುವುದರಿಂದ ಎರಡು ಮೂರು ಪ್ಲೇಟಿನಲ್ಲಿ ನೋಡದೆ ಯಂತ್ರವನ್ನು ಜರೆಯಕೂಡದು.

ಇನ್ನೊಂದು ಸೂಕ್ಷ್ಮವಿದೆ. ವಿನೈಲಿನಲ್ಲಿ ಮುದ್ರಿಸುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ನುಡಿಸುವಾಗ ಅದನ್ನು ಮೊದಲಿನಂತೆ ಮಾಡುವುದು ‘ಫೋನೊ’ ಎಂಬ ಮುಂಗಡದ ಆಂಪ್ಲಿಫೈಯರು. ಈಗಿನ ಎಷ್ಟೋ ಆಂಪ್ಲಿಫೈಯರುಗಳಲ್ಲಿ ಆ ಸೌಕರ್ಯವೇ ಇರುವುದಿಲ್ಲ. ಹಾಗಿದ್ದರೆ ಪ್ಲೇಯರಿನಲ್ಲಿಯೇ ಇರಬೇಕು, ಇಲ್ಲವೇ ಬೇರೆಯಾಗಿ ಕೊಳ್ಳಬೇಕು. ೭೮ರ ಪ್ಲೇಟುಗಳವರು ಆಂಪ್ಲಿಫೈಯರಿನಲ್ಲಿ ‘ಮೊನೊ’ ಗುಂಡಿಯಿದೆಯೇ ಎಂದೂ ನೋಡಲಿ. ಎರಡು ಕಿವಿಯ ಸದ್ದನ್ನು ಒಂದು ಮಾಡಿದೊಡನೆ ಕರಕರದ ಒಂದು ಪಾಲು ಅಡಗುತ್ತದೆ.

ಮುಟ್ಟದೆ ಓದುವ ಯಂತ್ರ

ಸಿ.ಡಿ. ಪ್ಲೇಯರಿನ ವಿಷಯದಲ್ಲಿ ಆತಂಕ ಕಡಿಮೆ. ಅದರಲ್ಲಿ ಮುಳ್ಳಿಲ್ಲ, ಓದುವುದು ಲೇಸರ್ ಕಿರಣ. ೧೨ ಸೆಂಟಿಮೀಟರಿನ ತಟ್ಟೆಯಲ್ಲಿ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸೂಕ್ಷ್ಮವಾದ ಗುಳಿಗಳಿರುತ್ತವೆ. ಸೆಕೆಂಡಿಗೆ ೪೪,೧೦೦ ಸಲ ನಾದವನ್ನು ಅಳೆದು, ಆ ಅಳತೆಗಳನ್ನು ಅಂಕಿಗಳಾಗಿ ಬರೆದಿಟ್ಟ ಬರವಣಿಗೆ ಅದು. ತಟ್ಟೆ ಮೊದಲು ನಿಮಿಷಕ್ಕೆ ೫೦೦ ಸುತ್ತು ಸುತ್ತಿ, ಕಿರಣ ಹೊರ ಅಂಚಿಗೆ ಸರಿದಂತೆ ೨೦೦ಕ್ಕೆ ಇಳಿಯುತ್ತದೆ. ನೂರು ಸಲ ನುಡಿಸಿದರೂ ತಟ್ಟೆ ಸವೆಯದು. ಅಕ್ಷರ ಅಳಿಸಿದಲ್ಲಿ ಊಹಿಸಿ ಓದುವ ಪಂಡಿತನಂತೆ, ಎರಡೂವರೆ ಮಿಲಿಮೀಟರಿನಷ್ಟು ಉದ್ದದ ದೋಷವನ್ನು ಸಹ ಲೆಕ್ಕಾಚಾರದಿಂದ ತುಂಬಿಕೊಳ್ಳುವ ಏರ್ಪಾಡು ಅದರಲ್ಲಿದೆ.

ಹಾಗಾದರೆ ಬೆಲೆ ಹೆಚ್ಚಿದಂತೆ ಗುಣ ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ, ಆದರೆ ಕ್ಷೀಣವಾಗಿ. ನೆಟ್ಟಗೆ ತಯಾರಾದ ಎರಡು ಸಿ.ಡಿ. ಪ್ಲೇಯರುಗಳ ನಡುವೆ ಕಿವಿಗೆ ಗೊತ್ತಾಗುವ ವ್ಯತ್ಯಾಸ ಎರಡು ಸ್ಪೀಕರುಗಳ ನಡುವಿನ ವ್ಯತ್ಯಾಸಕ್ಕಿಂತ ಬಹಳ ಕಡಿಮೆ. ಇಲ್ಲಿ ಕೇಳಬೇಕಾದುದು ಬಾಳಿಕೆಯ ಮಾತು. ಕೆಡುವುದು ಸಾಮಾನ್ಯವಾಗಿ ತಟ್ಟೆಯ ತಟ್ಟು ಎಳೆಯುವ ಬೆಲ್ಟು, ಇಲ್ಲವೇ ಲೇಸರಿನ ಕಣ್ಣು. ಆ ಕಣ್ಣು ಬಿಡಿಭಾಗವಾಗಿ ಸಿಗುವ ಯಂತ್ರವೇ ಉತ್ತಮ. ಊದುಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು ಆ ಕಣ್ಣಿಗೆ ಪೊರೆ ಕಟ್ಟುತ್ತವೆ. ದೇವರ ಮನೆಯ ಪಕ್ಕದ ಗೂಡು ಅದಕ್ಕೆ ತಕ್ಕ ಜಾಗವಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ಡಿ.ವಿ.ಡಿ. ಪ್ಲೇಯರೂ ಸಿ.ಡಿ. ನುಡಿಸುತ್ತದೆಂಬುದನ್ನು ಮರೆಯಬಾರದು. ಅದಕ್ಕೆ ಡಿಜಿಟಲ್ ಹೊರದಾರಿಯಿದ್ದರೆ ಅಂಕಿಯನ್ನು ನಾದಕ್ಕೆ ತಿರುಗಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಮಾತ್ರ ಕೊಂಡು ಉಳಿದ ಹಣವನ್ನು ಸ್ಪೀಕರಿಗೆ ಹಾಕಬಹುದು.

ಮೇಲಿನ ಪದರದ ಹೊಳೆಯುವ ತಟ್ಟೆಗಳೆಲ್ಲ ಒಂದೇ ಜಾತಿಯವಲ್ಲ. ಒಂದರಲ್ಲಿಯೇ ನೂರು ಹಾಡಿವೆಯೆಂದು ಒಂದು ಕಾಲದಲ್ಲಿ ಬಸ್ ನಿಲ್ದಾಣಗಳಲ್ಲಿ ಮಾರುತ್ತಿದ್ದ ಎಂ.ಪಿ.೩ ತಟ್ಟೆ ಬೇರೆ. ಅದರಲ್ಲಿ ನಾದವನ್ನು ಹಿಂಡಿ ಕಿರಿದು ಮಾಡಿರುತ್ತಾರೆ, ಎಲ್ಲ ಸಿ.ಡಿ. ಯಂತ್ರಗಳೂ ಅದನ್ನು ಓದವು. ಮದುವೆಯ ನಾಗಸ್ವರವನ್ನೋ ಮಗಳ ಅರಂಗೇಟ್ರಂ ಅನ್ನೋ ಕಂಪ್ಯೂಟರಿನಲ್ಲಿ ಬರೆದುಕೊಂಡ ತಟ್ಟೆಗಳು ಇನ್ನೂ ಬೇರೆ. ಬಣ್ಣದ ಪದರದ ಮೇಲೆ ಬರೆದ ಆ ತಟ್ಟೆಗಳು ವರ್ಷಗಳು ಕಳೆದಂತೆ ಮಾಸುತ್ತವೆ. ಅಂಥವನ್ನು ಯಂತ್ರ ಕೊಳ್ಳುವವರೆಗೂ ಕಾಯಿಸದೆ ಇಂದೇ ಬೇರೆಡೆಗೆ ನಕಲು ಮಾಡಿಕೊಳ್ಳುವುದು ಜಾಣತನ.

ಬಯಲುಸೀಮೆಯ ಮನೆಯಲ್ಲಿ

ಮಲೆನಾಡಿನವರು ಪ್ಲೇಟಿಗೆ ಬೂಷ್ಟು ಹಿಡಿಯಿತೆಂದು ಗೋಳಾಡುತ್ತಾರೆ. ತುರುವನೂರಿನ ಒಣ ಹವೆಗೆ ಆ ಪೀಡೆ ಕಡಿಮೆ. ಅದರ ಬದಲು ಧೂಳಿದೆ. ಆಷಾಢದ ಗಾಳಿಯಲ್ಲಿ ಹೊಲದ ಮಣ್ಣು ಮನೆಯೊಳಗೆ ಬರುತ್ತದೆ. ಮಾಳಿಗೆ ಮನೆಯಾದರೆ ಮೇಲಿನಿಂದಲೂ ಉದುರುತ್ತದೆ. ಒಣ ಗಾಳಿಯಲ್ಲಿ ವಿನೈಲು ವಿದ್ಯುತ್ತನ್ನು ಮೈಗೂಡಿಸಿಕೊಂಡು ಆ ಧೂಳನ್ನು ತಾನೇ ಸೆಳೆದುಕೊಳ್ಳುತ್ತದೆ. ಆದುದರಿಂದ ಮುಚ್ಚಳವಿಲ್ಲದ ಯಂತ್ರವನ್ನು ಕೊಳ್ಳಲೇಬಾರದು. ಜೊತೆಗೊಂದು ಕಾರ್ಬನ್ ನಾರಿನ ಬ್ರಷ್ಷು ಬೇಕು.

ಒರೆಸುವುದರಲ್ಲಿಯೂ ಜಾತಿಭೇದವಿದೆ. ವಿನೈಲನ್ನು ಸಾಲಿನ ಜಾಡಿನಲ್ಲಿಯೇ, ಸುತ್ತಾಗಿ ಒರೆಸಬೇಕು. ಸಿ.ಡಿ.ಯನ್ನು ಹಾಗೆ ಒರೆಸಕೂಡದು. ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು. ಅಡ್ಡಗೀರನ್ನು ಯಂತ್ರ ಲೆಕ್ಕದಿಂದ ತುಂಬಿಕೊಳ್ಳುತ್ತದೆ, ಜಾಡಿನುದ್ದಕ್ಕೂ ಬಿದ್ದ ಗೀರನ್ನು ತುಂಬಿಕೊಳ್ಳಲಾರದು. ಅರಗಿನ ಪ್ಲೇಟಿಗೆ ಸ್ಪಿರಿಟ್ಟು ವಿಷ. ಬಡಗಿಗಳು ಪಾಲಿಷ್ ಮಾಡಲು ಅರಗನ್ನು ಕರಗಿಸುವುದು ಯಾವುದರಲ್ಲಿ? ಸ್ಪಿರಿಟ್ಟಿನಲ್ಲಿಯೇ. ಚೊಕ್ಕಟ ಮಾಡಹೋಗಿ ಹಾಡನ್ನೇ ಕರಗಿಸಿದವರುಂಟು. ಶುದ್ಧ ನೀರಿನಲ್ಲಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು, ನಡುವಿನ ಚೀಟಿ ಒದ್ದೆಯಾಗದಂತೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಬೇಕು. ತಗಡಿನ ಟ್ರಂಕು ಬೇಸಗೆಯ ಅಟ್ಟದಲ್ಲಿ ಒಲೆಯಂತೆ ಕಾಯುವುದರಿಂದ ಮೊದಲು ಅದನ್ನು ಕೆಳಗಿಳಿಸಬೇಕು.

ಯಂತ್ರಕ್ಕೆ ಜಾಗ ಹುಡುಕುವುದರಲ್ಲಿ ಹಳೆಯ ಮನೆ ಹೊಸ ಮನೆಗಿಂತ ವಾಸಿ. ಓಲಾಡುವ ಮೇಜಿಗಿಂತ ಮಣ್ಣಿನ ದಪ್ಪ ಗೋಡೆಯೊಳಗೆ ಕೂಡಿಸಿದ ಕಡಪ ಕಲ್ಲಿನ ಹಲಗೆ ಎಷ್ಟೋ ಮೇಲು. ಓಡಾಡುವವರ ಹೆಜ್ಜೆಯ ನಡುಕ ಅಲ್ಲಿಗೆ ಮುಟ್ಟದು. ಅದೇ ಹಲಗೆಯ ಮೇಲೆ ಸ್ಪೀಕರನ್ನು ಮಾತ್ರ ಇಡಬಾರದು. ಹಲಗೆ ಸಮವಾಗಿದೆಯೇ ಎಂದು ನೋಡಲು ಗಾರೆ ಕೆಲಸದವರ ರಸಮಟ್ಟ ಸಾಕು. ವೋಲ್ಟೇಜು ಏರಿಳಿಯುವ ಊರಿನಲ್ಲಿ ಆಂಪ್ಲಿಫೈಯರಿಗೆ ಸ್ಟೆಬಿಲೈಸರ್ ಬೇಕು. ಕರೆಂಟು ಹೋದಾಗ ತೋಳನ್ನೆತ್ತಿ ಸ್ವಿಚ್ಚು ಆರಿಸುವ ಅಭ್ಯಾಸ ಮನೆಮಂದಿಗೆಲ್ಲ ಇರಬೇಕು. ಇಲ್ಲವಾದರೆ ಕರೆಂಟು ಮರಳಿದಾಗ ಮುಳ್ಳು ಸಾಲಿನ ನಡುವೆಯೇ ಎಳೆದಾಡುತ್ತದೆ.

ಇಷ್ಟನ್ನು ತಿಳಿದು ಬೆಂಗಳೂರಿಗೋ ದಾವಣಗೆರೆಗೋ ಹೊರಟವರು ಟ್ರಂಕಿನಿಂದ ಎರಡು ಪ್ಲೇಟನ್ನು ಜೊತೆಗೆ ಒಯ್ಯಲಿ. ಅತಿ ಅಮೂಲ್ಯವಾದುದನ್ನಲ್ಲ, ಆದರೆ ಒಂದೊಂದು ಸ್ವರವೂ ಬಾಯಿಗೆ ಬರುವಂಥದನ್ನು. ಅಂಗಡಿಯವರು ತಮ್ಮ ಮೆಚ್ಚಿನ ಅಬ್ಬರದ ಪ್ಲೇಟನ್ನು ಹಾಕಿ ಮೆಚ್ಚಿಸಲು ನೋಡುತ್ತಾರೆ. ಒಪ್ಪದೆ ತಮ್ಮದನ್ನೇ ಹಾಕಿಸಿ, ಸದ್ದನ್ನು ತಗ್ಗಿಸಿ ಕೇಳಬೇಕು. ದೊಡ್ಡ ಸದ್ದಿನಲ್ಲಿ ಎಲ್ಲ ಯಂತ್ರಗಳೂ ಒಳ್ಳೆಯವೇ. ಮುಳ್ಳಿನ ಭಾರವನ್ನು ಅಳೆಯುವ ಪುಟ್ಟ ತಕ್ಕಡಿಯನ್ನು ತರಿಸಿ ಎದುರಿನಲ್ಲಿಯೇ ತೂಗಿಸಬೇಕು. ಕೊಂಡಮೇಲೆ ರಸೀತಿಯ ಬೆನ್ನಿಗೆ ಕಾರ್ಟ್‌ರಿಜ್ಜಿನ ಹೆಸರು, ಎರಡು ಬಗೆಯ ಮುಳ್ಳಿನ ನಂಬರು, ಒಂದೊಂದಕ್ಕೂ ಇಡಬೇಕಾದ ಭಾರ ಎಷ್ಟೆಂಬುದನ್ನು ಬರೆಸಿಕೊಂಡು, ಆ ರಸೀತಿಯನ್ನು ಪ್ಲೇಯರಿನ ಮುಚ್ಚಳದ ಒಳಮೈಗೆ ಅಂಟಿಸಿಡಬೇಕು.